ಐದನೆಯ ಉದ್ದೇಶ

ಒದ್ದೆ ಬೆಡ್‌ಶೀಟಿನ ಒಂದು ತುದಿ ಸೈಕಲಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಎಂಟು ವರ್ಷದ ಮಗಳ ಕೈಯಲ್ಲಿ. ಅಮ್ಮ ಬಲಕ್ಕೆ ತಿರುಚಬೇಕು, ಮಗಳು ಎಡಕ್ಕೆ. ನಡುವೆ ನೀರು ಸುರಿಯುತ್ತ ಬಕೆಟ್ಟಿಗೆ ಬೀಳಬೇಕು. ಅರ್ಧ ತಿರುಚಿದ್ದಾಗ ಮಗಳು, ಇರುವೆಯ ಕಿವಿಯಲ್ಲಿ ಗುಟ್ಟು ಹೇಳುವವಳ ಹಾಗೆ, "ಅಮ್ಮಾ, ಒಂದು ಪ್ರಶ್ನೆ ಕೇಳಲಾ?" ಅಂದಳು.

"ಕೇಳು ಕಂದಾ" ಅನ್ನುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಫೋನು ಬಡಿದುಕೊಂಡಿತು. ಸೈಕಲಮ್ಮ ತುದಿ ಬಿಟ್ಟು ಓಡಿದಳು. ತಿರುಚಿದ ಬೆಡ್‌ಶೀಟು ಎದ್ದ ಹಾವಿನಂತೆ ಸುರುಳಿ ಬಿಚ್ಚಿಕೊಂಡು ಮಗಳನ್ನು ತಲೆಯಿಂದ ಕಾಲಿನವರೆಗೆ ತೋಯಿಸಿತು. ಪ್ರಶ್ನೆ ಒಳಗೇ ಉಳಿಯಿತು.

ಫೋನಿನಲ್ಲಿದ್ದವರು ತರಬೇತಿ ಕಚೇರಿಯ ಮೇಡಂ. ಕೆಂಪು ಪೆನ್ಸಿಲಿಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ. ಅವರು ನಿದ್ದೆಯಲ್ಲೂ ಗೀಟು ಹಾಕುತ್ತಾರೆಂದು ಕಚೇರಿಯಲ್ಲಿ ಮಾತಿತ್ತು.

"ನಿಮ್ಮ ಸೈಕಲ್ ಕೋರ್ಸಿನ ಅರ್ಜಿ ನನ್ನ ಮುಂದಿದೆ. 'ಕಲಿಕೆಯ ಉದ್ದೇಶಗಳು' ಅನ್ನೋ ಜಾಗದಲ್ಲಿ 'ಮಹಿಳೆಯರಲ್ಲಿ ಸೈಕಲ್ ಬಗ್ಗೆ ಅರಿವು ಮೂಡಿಸುವುದು' ಅಂತ ಬರೆದಿದ್ದೀರಿ. ಅರಿವು ಮೂಡಿದ್ದು ನಂಗೆ ಹೇಗ್ರೀ ಕಾಣತ್ತೆ? ಹಣೆ ಮೇಲೆ ದೀಪ ಹತ್ತಿಕೊಳ್ಳತ್ತಾ?"

"ಇಲ್ಲ ಮೇಡಂ. ಆದ್ರೆ ಅವರಿಗೆ ಗೊತ್ತಾಗತ್ತೆ..."

"'ಗೊತ್ತಾಗತ್ತೆ' ಬೇಡ. 'ತಿಳಿಯತ್ತೆ' ಬೇಡ. 'ಅರ್ಥವಾಗತ್ತೆ' ಬೇಡವೇ ಬೇಡ. ಕೋರ್ಸು ಮುಗಿದ ದಿನ ಕಲಿತವರು ಏನು ಮಾಡ್ತಾರೆ? ನಾನು ಕಣ್ಣಲ್ಲಿ ನೋಡೋ ಹಾಗಿರಬೇಕು, ಅಳೆಯೋ ಹಾಗಿರಬೇಕು. ಎಷ್ಟು ದೂರ, ಎಷ್ಟು ಹೊತ್ತು, ಯಾರ ಸಹಾಯದಿಂದ, ಯಾರ ಸಹಾಯ ಇಲ್ಲದೆ. ಐದು ಉದ್ದೇಶ, ಐದು ವಾಕ್ಯ. ಸಂಜೆ ಐದಕ್ಕೆ ನಾನೇ ಸಮುದಾಯ ಭವನದ ಅಂಗಳಕ್ಕೆ ಬರ್ತೀನಿ. ಸರಿ ಇದ್ರೆ ಮೊಹರು. ಇಲ್ಲದಿದ್ರೆ ಸೋಮವಾರದಿಂದ ಅಂಗಳ ಹಗ್ಗದಾಟದ ಮೇಷ್ಟ್ರಿಗೆ. ಅವರ ಉದ್ದೇಶಗಳು ಹೋದ ವಾರವೇ ಬಂದಿವೆ. 'ಒಂದು ನಿಮಿಷದಲ್ಲಿ ಅರವತ್ತು ಸಲ ಹಾರುತ್ತಾರೆ.' ಎಷ್ಟು ಚೆನ್ನಾಗಿದೆ ನೋಡಿ!"

ಫೋನು ಇಟ್ಟ ಸೈಕಲಮ್ಮ ಒಂದು ಗಳಿಗೆ ಕಿಟಕಿ ಹಿಡಿದು ನಿಂತಳು. ನಾಲ್ಕು ವರ್ಷದಲ್ಲಿ ಅರವತ್ಮೂರು ಹೆಂಗಸರಿಗೆ ಅವಳು ಸೈಕಲ್ ಕಲಿಸಿದ್ದಳು. ಸೀಟಿನ ಹಿಂಭಾಗ ಹಿಡಿದು, "ಮುಂದೆ ನೋಡಿ, ನೆಲ ಎಲ್ಲಿಗೂ ಓಡಿ ಹೋಗಲ್ಲ!" ಎಂದು ಕೂಗುತ್ತ ಅರವತ್ಮೂರು ಜನರ ಹಿಂದೆಯೂ ಓಡಿದ್ದಳು. ಹೊಸ ತಂಡದಲ್ಲಿ ಹನ್ನೊಂದು ಜನ ಹೆಸರು ಕೊಟ್ಟು ಕಾಯುತ್ತಿದ್ದರು. ಆ ಅಂಗಳ ಬಿಟ್ಟರೆ ಗೋಡೆಯೂ ನೆರಳೂ ಇರುವ, ನಾಯಿಯೂ ಲಾರಿಯೂ ಇಲ್ಲದ ಜಾಗ ಸುತ್ತಮುತ್ತ ಇರಲಿಲ್ಲ.

"ಬರೀತೀನಿ. ಐದಲ್ಲ, ಐವತ್ತು ಕೇಳಿದ್ರೂ ಬರೀತೀನಿ" ಎಂದು ಅವಳು ಕಿಟಕಿಗೆ ಹೇಳಿದಳು. ಆಮೇಲೆ ಮಗಳ ತಲೆ ಒರೆಸಿ, ಅಂಗಿ ಬದಲಿಸಿ, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನ ಮೇಲೆ ಬರೆಯಲು ಕೂತಳು.

"ಅಮ್ಮಾ, ಆ ಪ್ರಶ್ನೆ..."

"ಆಮೇಲೆ ಬಂಗಾರ. ಅಮ್ಮನಿಗೆ ಐದು ವಾಕ್ಯ ಆಗಲಿ."

ಮಗಳ ವಿಷಯದಲ್ಲಿ ಸೈಕಲಮ್ಮನಿಗೆ ಒಂದು ಕೊರಗಿತ್ತು. ಮಗು ಜಾಣೆ. ಆದರೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅವಳ ಶಾಲೆಯ ಟೀಚರು, "ನಿಮ್ಮ ಮಗಳು ಒಂದು ವರ್ಷದಲ್ಲಿ ಒಂದು ಸಲವೂ ಕೈ ಎತ್ತಿಲ್ಲ. ಭುಜ ನೋವೇನೋ ಅಂದುಕೊಂಡಿದ್ದೆ" ಅಂದಿದ್ದರು. ಅಂದಿನಿಂದ ಅಮ್ಮ ದಿನಾ ರಾತ್ರಿ ಜಡೆ ಬಿಚ್ಚುವಾಗ ಹೇಳುತ್ತಿದ್ದಳು, "ಪ್ರಶ್ನೆ ಬಂದ್ರೆ ನುಂಗಬಾರದು ಕಂದಾ. ಗಟ್ಟಿಯಾಗಿ ಕೇಳಬೇಕು."

ಮೊದಲ ವಾಕ್ಯ ಮುಗಿಯುವ ಹೊತ್ತಿಗೆ ಸುದ್ದಿ ಮಹಡಿ ಹತ್ತಿತ್ತು. ಮೇಲಿನ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕನ್ನಡಕ ಒರೆಸುತ್ತ ಇಳಿದುಬಂದರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಬೀದಿಯಲ್ಲಿ ಯಾರಾದರೂ ಪೆನ್ನಿನ ಮುಚ್ಚಳ ತೆಗೆದರೆ ಅವರಿಗೆ ವಾಸನೆ ಹತ್ತುತ್ತಿತ್ತು.

"ಉದ್ದೇಶ ಅಂದ್ರೆ ತೂಕ ಇರಬೇಕಮ್ಮಾ. ಬರೀರಿ. 'ಸಮತೋಲನವೆಂಬ ಜೀವನತತ್ತ್ವದ ಮಹತ್ವವನ್ನು ಕಲಿಯುವವರು ಮನಗಾಣುತ್ತಾರೆ.'"

"ಮನಗಂಡಿದ್ದು ಮೇಡಂಗೆ ಕಾಣಲ್ಲವಂತೆ ಸಾರ್."

"ಕಾಣಲ್ವಾ? ನಾನು ಮೂವತ್ತಾರು ವರ್ಷ ಮಕ್ಕಳ ಮುಖ ನೋಡಿ ಹೇಳ್ತಿದ್ದೆ, ಇವನು ಮನಗಂಡ, ಇವನು ಮನಗಾಣಲಿಲ್ಲ ಅಂತ."

"ಅದಕ್ಕೇ ನಿಮ್ಮ ಶಾಲೆ ಮಕ್ಕಳೆಲ್ಲ ಬಾಯಿ ಮುಚ್ಕೊಂಡು ತಲೆ ಆಡಿಸ್ತಿದ್ರು" ಎಂದು ಮೂಲೆಯಿಂದ ಅತ್ತೆಯ ದನಿ ಬಂತು. ಅತ್ತೆ ಬಟಾಣಿ ಸುಲಿಯುತ್ತಿದ್ದರು. ಹೆಡ್‌ಮೇಷ್ಟ್ರಿಗೂ ಅತ್ತೆಗೂ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ವಿಷಯದಲ್ಲಿ ಏಳು ವರ್ಷದ ಮನಸ್ತಾಪ.

ಆಗ ಎದುರು ಮನೆಯ ದರ್ಜಿಯಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಒಳಬಂದಳು. ಅವಳು ಸೈಕಲಮ್ಮನ ನಲವತ್ತನೆಯ ಶಿಷ್ಯೆ. ಸೈಕಲ್ ಕಲಿತ ಮೇಲೆ ಎದುರು ಅಂಗಡಿಗೂ ಸೈಕಲಿನಲ್ಲೇ ಹೋಗುವವಳು.

"ಅಳತೆ ಕೇಳಿದ್ದಾರಾ? ಅಯ್ಯೋ, ಅದು ನನ್ನ ಕೆಲಸ ಅಲ್ವಾ! ಬ್ರೇಕಿಂದ ಶುರು ಮಾಡೋಣ. ಸೀಟಿ ಊದಿದ ಮೇಲೆ ಎಷ್ಟು ಗಜದಲ್ಲಿ ನಿಲ್ಲಬೇಕು? ಎರಡು? ಮೂರು?"

"ಮೂರು ಸಾಕು ಅನ್ನಿಸತ್ತೆ."

"ಅನ್ನಿಸೋದೆಲ್ಲ ಬೇಡಮ್ಮ. ಮಾಡಿ ನೋಡೋಣ. ನೀವೇ ಒಂದು ಸಲ ಹೊಡೀರಿ, ನಾನು ಟೇಪು ಹಿಡೀತೀನಿ."

ಸೈಕಲಮ್ಮ ತಟ್ಟನೆ ಎದ್ದು ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ನೋಡಿ ಬಂದಳು. "ನಾನು ಹೊಡೆದ್ರೆ ಅಳತೆ ಸರಿ ಬರಲ್ಲ ಕಣೇ. ಕಲಿಸೋರ ಅಳತೆ ಬೇರೆ, ಕಲಿಯೋರ ಅಳತೆ ಬೇರೆ. ನೀನೇ ಹೊಡಿ" ಅಂದಳು.

ಈ ಮಾತಿನ ಆಳಕ್ಕೆ ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಮಗಳು ಮಾತ್ರ ಕಣ್ಣು ತೆರೆದೇ ಅಮ್ಮನನ್ನು ನೋಡುತ್ತಿದ್ದಳು. "ಅಮ್ಮಾ..." ಅಂದಳು. ಯಾರಿಗೂ ಕೇಳಿಸಲಿಲ್ಲ.

ಮನೆಯ ಪಕ್ಕದ ಓಣಿಯಲ್ಲಿ ಪ್ರಯೋಗ ಏರ್ಪಟ್ಟಿತು. ಹೆಡ್‌ಮೇಷ್ಟ್ರು ಸೀಟಿ ಹಿಡಿದು ನಿಂತರು. ಸೈಕಲಮ್ಮ ಬರೆದ ಹಾಳೆಯನ್ನು ಎದೆಗೆ ಅವಚಿಕೊಂಡು ಪಕ್ಕದಲ್ಲಿ ನಿಂತಳು. ದರ್ಜಿಯಮ್ಮ ಓಣಿಯ ತುದಿಯಿಂದ ಹೊರಟಳು, ಬಂದಳು, ಬಂದೇಬಂದಳು. ಹೆಡ್‌ಮೇಷ್ಟ್ರು ಸೀಟಿ ಊದಿದರು. ಸೀಟಿಯಿಂದ ಗಾಳಿಯ ಜೊತೆಗೆ, ಒಳಗೆ ಉರುಳಬೇಕಾದ ಹಳೆಯ ಬಟಾಣಿ ಕಾಳು ಮಾತ್ರ ಹೊರಬಂತು. ಸದ್ದಿಗಾಗಿ ಕಾಯುತ್ತಿದ್ದ ದರ್ಜಿಯಮ್ಮ ನಿಲ್ಲಿಸಲಿಲ್ಲ. ಓಣಿಗೆ ಅಡ್ಡಲಾಗಿ ಹಗ್ಗದ ಮೇಲೆ ಹಾಕಿದ್ದ ಬೆಡ್‌ಶೀಟು, ಅದೇ ಬೆಳಗಿನ ಬೆಡ್‌ಶೀಟು, ಅವಳನ್ನು ಅಪ್ಪಿಕೊಂಡಿತು. ಬಿಳಿಯ ಗಂಟೊಂದು ಗಂಟೆ ಬಾರಿಸುತ್ತ ಮುಂದುವರಿದು, ಹೆಡ್‌ಮೇಷ್ಟ್ರನ್ನು ಸುತ್ತಿ, ಸೈಕಲಮ್ಮನನ್ನು ಹಗ್ಗದ ಕೆಳಗಿದ್ದ ನೀರಿನ ಬಕೆಟ್ಟಿನ ಮೇಲೆ ಕೂರಿಸಿ, ಗೋಡೆಗೆ ಒರಗಿ ನಿಂತಿತು.

ಒಳಗಿನಿಂದ ದರ್ಜಿಯಮ್ಮ ಕೂಗಿದಳು, "ಎಷ್ಟು ಗಜ ಆಯ್ತು? ಅಳೆದ್ರಾ?"

ಅಳೆಯುವವರು ಯಾರೂ ಎದ್ದು ನಿಂತಿರಲಿಲ್ಲ. ಹಾಳೆ ಬಕೆಟ್ಟಿನ ನೀರಿನಲ್ಲಿ ತೇಲುತ್ತಿತ್ತು. ಮೊದಲ ಉದ್ದೇಶದ ಶಾಯಿ ನಿಧಾನವಾಗಿ ನೀರಿಗೆ ನೀಲಿ ಕಲಿಸುತ್ತಿತ್ತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರು. ಸೈಕಲಮ್ಮ ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ ಕ್ಯಾಲೆಂಡರಿನ ಇನ್ನೊಂದು ತಿಂಗಳು ಹರಿದಳು. ಬಿದ್ದದ್ದರಿಂದ ಅವಳಿಗೆ ಒಂದು ಉಪಕಾರವೂ ಆಗಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಮೂರು ಜನ ಬಿದ್ರಲ್ಲ, ಎಷ್ಟು ಹೊತ್ತು ಹೊರಳಾಡ್ತೀರೇ? ಹತ್ತು ಎಣಿಸೋದರೊಳಗೆ ಏಳೋದು ಕಲಿಸು ಮೊದಲು" ಎಂದು ಗದರಿದ್ದರು. ಸೈಕಲಮ್ಮನಿಗೆ ಮಿಂಚು ಹೊಡೆದಂತಾಯಿತು. ನೋಡಬಹುದು, ಎಣಿಸಬಹುದು, ಯಾರ ಸಹಾಯವೂ ಬೇಡ.

ಮಧ್ಯಾಹ್ನ ಎರಡರ ಹೊತ್ತಿಗೆ ನಾಲ್ಕು ವಾಕ್ಯ ನಿಂತಿದ್ದವು.

ಒಂದು: ಕಲಿಯುವವರು ಯಾರೂ ಹಿಡಿಯದೆ ಸೈಕಲ್ ಹತ್ತಿ, ಅಂಗಳದ ಈ ಗೋಡೆಯಿಂದ ಆ ಗೋಡೆಯವರೆಗೆ ಕಾಲೂರದೆ ಹೋಗುತ್ತಾರೆ. ಎರಡು: ಸೀಟಿ ಕೇಳಿದ ಮೇಲೆ ಮೂರು ಗಜದೊಳಗೆ ನಿಲ್ಲಿಸುತ್ತಾರೆ. ಮೂರು: ಎರಡು ಬಕೆಟ್ಟುಗಳ ಸುತ್ತ, ಅವನ್ನು ಉರುಳಿಸದೆ ತಿರುಗುತ್ತಾರೆ. ನಾಲ್ಕು: ಬಿದ್ದರೆ ಹತ್ತು ಎಣಿಸುವುದರೊಳಗೆ ತಾವೇ ಎದ್ದು ನಿಲ್ಲುತ್ತಾರೆ.

ಓದಿ ಓದಿ ಸೈಕಲಮ್ಮನ ಕಣ್ಣು ತುಂಬಿತು. ನಾಲ್ಕು ವರ್ಷ ತಾನು ಬಾಯಿಗೆ ಬಂದಂತೆ ಕೂಗಿಕೊಂಡು ಓಡುತ್ತಿದ್ದುದು ಇಷ್ಟು ಅಚ್ಚುಕಟ್ಟಾದ ಕೆಲಸವೆಂದು ಅವಳಿಗೇ ಗೊತ್ತಿರಲಿಲ್ಲ.

ಐದನೆಯದು ಬರಲಿಲ್ಲ. ಹೆಡ್‌ಮೇಷ್ಟ್ರು ಮತ್ತೆ ಜೀವನತತ್ತ್ವ ಹಿಡಿದು ಬಂದರು, ಅತ್ತೆ ಓಡಿಸಿದರು. ದರ್ಜಿಯಮ್ಮ "ಸೈಕಲಿಗೆ ತಕ್ಕ ಅಂಗಿ ಹೊಲಿಸಿಕೊಳ್ಳುತ್ತಾರೆ" ಅಂದಳು, ಅವಳನ್ನೂ ಓಡಿಸಿದರು. ಸೈಕಲಮ್ಮ ಪೆನ್ನು ಕಚ್ಚುತ್ತ ಮಗಳನ್ನು ನೋಡಿದಳು. ಮಗಳು ಮನೆಯಲ್ಲಿ ಉಳಿಸಿಕೊಂಡಿದ್ದ ಅರ್ಜಿಯ ನಕಲಿನ ಮೇಲೆ ಬಾಗಿ, ಎಲ್ಲಕ್ಕಿಂತ ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಿದ್ದಳು. "ಬೋ-ಧ-ಕ-ರು ಮೇ-ಲಿ-ನ ಉದ್ದೇಶಗಳನ್ನು ಸ್ವತಃ ಮಾಡಿ ತೋ-ರಿ-ಸ-ಬ-ಲ್ಲ-ರು. ಹೌದು ಎಂದಾದರೆ ಗುರುತು ಹಾಕಿ." ಪಕ್ಕದಲ್ಲಿ ಒಂದು ಖಾಲಿ ಚೌಕ.

"ಅಮ್ಮಾ, ಸ್ವತಃ ಅಂದ್ರೆ ತಾನೇ ಅಂತ ಅಲ್ವಾ?"

"ಹೂಂ."

"ಹಾಗಿದ್ರೆ..."

"ಆಮೇಲೆ ಚಿನ್ನಾ, ಆಮೇಲೆ" ಎಂದು ಸೈಕಲಮ್ಮ ನಕಲನ್ನು ಮೆಲ್ಲಗೆ ಎಳೆದುಕೊಂಡಳು. ಮಗಳು ತುಟಿ ಬಿಗಿದು ಬೆರಳು ಮಡಿಸಿಕೊಂಡಳು. ಅಮ್ಮ ಆ ಬಿಗಿದ ತುಟಿಯನ್ನೇ ನೋಡಿದಳು. ಬರುವ ಹೆಂಗಸರೂ ಹೀಗೇ ಅಲ್ಲವೇ? ಗೇರು ಯಾವುದು, ಬ್ರೇಕು ಯಾವುದು ಎಂದು ಕೇಳಲು ನಾಚಿ, ಮೂರು ದಿನ ತಪ್ಪು ಬ್ರೇಕು ಒತ್ತಿ, ನಾಲ್ಕನೆಯ ದಿನ ಗೋಡೆಗೆ ಗುದ್ದಿದ ಮೇಲೆ ಕೇಳುವವರು. ಪೆನ್ನು ತಾನಾಗಿಯೇ ಓಡಿತು.

ಐದು: ಕಲಿಯುವವರು ಸಂಕೋಚವಿಲ್ಲದೆ, ಹಿಂದಿನ ಸಾಲಿಗೂ ಕೇಳಿಸುವ ದನಿಯಲ್ಲಿ, ತಮ್ಮ ಮನಸ್ಸಿನಲ್ಲಿರುವ ಒಂದು ಪ್ರಶ್ನೆಯನ್ನಾದರೂ ಕೇಳುತ್ತಾರೆ.

ನಾಲ್ಕೂವರೆಗೆ ಅವಳು ಸೈಕಲ್ ತಳ್ಳಿಕೊಂಡು ಹೊರಟಳು. ಹಿಂದೆ ಮಗಳು, ಅತ್ತೆ, ದರ್ಜಿಯಮ್ಮ, ಹೆಡ್‌ಮೇಷ್ಟ್ರು. ಅವಳು ಎಂದೂ ತಳ್ಳಿಕೊಂಡೇ ಹೋಗುವುದು. ಅದು ಬೀದಿಗೆಲ್ಲ ಗೊತ್ತು, ಕಾರಣವೂ ಬೀದಿಗೇ ಗೊತ್ತು. ಹೆಡ್‌ಮೇಷ್ಟ್ರ ಪ್ರಕಾರ ಅದು ವಿದ್ಯೆಯ ಮುಂದಿನ ವಿನಯ. ದರ್ಜಿಯಮ್ಮನ ಪ್ರಕಾರ ಟೈರು ಸವೆಯದಿರಲೆಂಬ ಜಾಣತನ. ಅತ್ತೆಯ ಪ್ರಕಾರ, ದಿನವಿಡೀ ಅದರ ಜೊತೆ ಹೆಣಗುವವಳಿಗೆ ಹತ್ತಿ ಕೂರುವಷ್ಟು ಮೋಹ ಎಲ್ಲಿಂದ ಬರಬೇಕು. ಬೇರೆಯವರೇ ಇಷ್ಟೊಂದು ಕಾರಣ ಒದಗಿಸುತ್ತಿರುವಾಗ ತಾನೂ ಒಂದನ್ನು ಸೇರಿಸುವ ಅಗತ್ಯ ಸೈಕಲಮ್ಮನಿಗೆ ಕಂಡಿರಲಿಲ್ಲ.

ಅಂಗಳದಲ್ಲಿ ಹನ್ನೊಂದು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಗೇಟಿನ ಬಳಿ ಹಗ್ಗದಾಟದ ಮೇಷ್ಟ್ರು ಭುಜದ ತುಂಬ ಹಗ್ಗ ಹೊತ್ತು, ಗಲ್ಲಿಗೆ ಹಾಕಲು ಬಂದವರಂತೆ ಸಹನೆಯಿಂದ ನಿಂತಿದ್ದರು. ಸರಿಯಾಗಿ ಐದಕ್ಕೆ ಕೆಂಪು ಪೆನ್ಸಿಲಿನ ಮೇಡಂ ಬಂದು, ಕುರ್ಚಿಯಲ್ಲಿ ಕೂತು ಹಾಳೆ ಓದಿದರು. ಒಂದು ಸಲ ಓದಿದರು. ಕನ್ನಡಕ ತೆಗೆದು ಇನ್ನೊಂದು ಸಲ ಓದಿದರು. ಪೆನ್ಸಿಲು ಕಾಗದದ ಮೇಲೆ ಸುಳಿದಾಡಿ, ಕೂರಲು ಜಾಗ ಸಿಗದ ನೊಣದಂತೆ ಹಿಂದಿರುಗಿತು.

"ಯಾರು ಬರೆದುಕೊಟ್ರು?"

"ನಾನೇ ಮೇಡಂ."

"ಹನ್ನೆರಡು ವರ್ಷದಲ್ಲಿ ಗೀಟು ಹಾಕಲಾಗದ ಹಾಳೆ ಇದೇ ಮೊದಲು" ಅಂದರು ಮೇಡಂ, ಸ್ವಲ್ಪ ಬೇಸರದಿಂದಲೇ. "ಆದ್ರೂ ಬರೆದದ್ದನ್ನ ನೋಡಲೇಬೇಕಲ್ಲ. ಒಂದೊಂದಾಗಿ ತೋರಿಸಿ. ನೀವೇ ಹತ್ತುತ್ತೀರಾ?"

ಸೈಕಲಮ್ಮ ಕ್ಷಣವೂ ತಡೆಯಲಿಲ್ಲ. "ಉದ್ದೇಶದಲ್ಲಿ 'ಕಲಿಯುವವರು' ಅಂತ ಇದೆ ಮೇಡಂ. ಕಲಿಸುವವರು ಮಾಡಿದ್ರೆ ಅದು ಯಾವ ಲೆಕ್ಕ? ನೀವೇ ಹೇಳಿದ್ದು, ಕಲಿತವರು ಮಾಡೋದನ್ನ ಕಣ್ಣಲ್ಲಿ ನೋಡಬೇಕು ಅಂತ."

"ಭೇಷ್!" ಎಂದು ಮೇಡಂ ತೊಡೆ ತಟ್ಟಿಕೊಂಡರು. ಹಗ್ಗದಾಟದ ಮೇಷ್ಟ್ರ ಮುಖ ಒಂದು ಹಗ್ಗದಷ್ಟು ಉದ್ದವಾಯಿತು.

ದರ್ಜಿಯಮ್ಮ ಹತ್ತಿದಳು. ಈ ಗೋಡೆಯಿಂದ ಆ ಗೋಡೆ, ಕಾಲೂರದೆ. ಹೊಸ ಸೀಟಿ ಊದಿದಾಗ ಎರಡೂಮುಕ್ಕಾಲು ಗಜದಲ್ಲಿ ನಿಂತಳು. ತಾನೇ ಇಳಿದು ತಾನೇ ಟೇಪು ಹಿಡಿದು ಅಳೆದು ತೋರಿಸಿದಳು. ಬಕೆಟ್ಟುಗಳ ಸುತ್ತ ತಿರುಗಿದಳು. ಬಕೆಟ್ಟುಗಳು ಅಲುಗಲಿಲ್ಲ.

"ನಾಲ್ಕನೆಯದು. ಬೀಳಬೇಕು" ಅಂದರು ಮೇಡಂ.

"ಬೀಳೋದಾ? ಹೊಸ ಅಂಗಿ ರೀ ಇದು!" ಎಂದು ದರ್ಜಿಯಮ್ಮ ಸೈಕಲಿನಿಂದ ಎರಡು ಹೆಜ್ಜೆ ದೂರ ಸರಿದಳು. ಹನ್ನೊಂದು ಜನರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಹೆಡ್‌ಮೇಷ್ಟ್ರು, "ಪತನವೂ ಒಂದು ತತ್ತ್ವ..." ಎಂದು ಶುರುಮಾಡುತ್ತ ಮುಂದೆ ಬಂದರು. ನೆಲದ ಮೇಲೆ ಬಿಟ್ಟಿದ್ದ ಟೇಪು ಅವರ ಕಾಲಿಗೆ ಸುತ್ತಿಕೊಂಡಿತು. ಹೆಡ್‌ಮೇಷ್ಟ್ರು ತತ್ತ್ವದ ಸಮೇತ ನೆಲಕ್ಕೆ ಬಂದರು.

"ಒಂದೆರಡ್ಮೂರ್ನಾಲ್ಕೈದಾರು!" ಎಂದು ಅತ್ತೆ ಏಳು ವರ್ಷದ ಸೇಡನ್ನೆಲ್ಲ ಸೇರಿಸಿ ಎಣಿಸತೊಡಗಿದರು. ಇವರ ಕೈಯಲ್ಲಿ ಸೋಲುವುದುಂಟೇ ಎಂದು ಹೆಡ್‌ಮೇಷ್ಟ್ರು ಮೊಣಕಾಲೂರಿ, ಉಸಿರು ಕಟ್ಟಿ, ಒಂಬತ್ತಕ್ಕೆ ಎದ್ದು ನಿಂತರು. ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಮೇಡಂ ನಾಲ್ಕನೆಯ ಸಾಲಿನ ಪಕ್ಕ 'ಸರಿ' ಎಂದು ಬರೆದರು. ಬಟಾಣಿಯಷ್ಟು ಚಿಕ್ಕದಾಗಿ ಬರೆದರು, ಆದರೆ ಬರೆದರು.

ಸೈಕಲಮ್ಮನಿಗೆ ಆಕಾಶ ಕೈಗೆ ಎಟುಕುವಷ್ಟು ಹತ್ತಿರ ಬಂದಿತ್ತು. ಮೇಡಂ ಮೊಹರು ತೆಗೆದರು. ಶಾಯಿಯ ಡಬ್ಬಿ ತೆಗೆದರು. ಮೊಹರನ್ನು ಡಬ್ಬಿಗೆ ಒತ್ತಿದರು. ಗೇಟಿನ ಬಳಿ ಹಗ್ಗದಾಟದ ಮೇಷ್ಟ್ರು ಹಗ್ಗಗಳನ್ನು ಇನ್ನೊಂದು ಭುಜಕ್ಕೆ ಬದಲಿಸಿ ಹೊರಡಲು ತಿರುಗಿದರು.

"ಅರ್ಜಿಯಲ್ಲಿ ಇದೊಂದು ಚೌಕ ಖಾಲಿ ಬಿಟ್ಟಿದ್ದೀರಲ್ಲ" ಅಂದರು ಮೇಡಂ. "'ಬೋಧಕರು ಸ್ವತಃ ಮಾಡಿ ತೋರಿಸಬಲ್ಲರು.' ಅವಸರದಲ್ಲಿ ಮರೆತಿರಬೇಕು. ಅರವತ್ಮೂರು ಜನಕ್ಕೆ ಕಲಿಸಿದವರಿಗೆ ಅದೇನು, ಒಂದು ಗುರುತು ಹಾಕಿ ಕೊಡಿ. ಇದು ಇಲ್ಲದೆ ನಾನು ಮೊಹರು ಒತ್ತೋ ಹಾಗಿಲ್ಲ, ಅಷ್ಟೆ."

ಸೈಕಲಮ್ಮ ಪೆನ್ನು ತೆಗೆದುಕೊಂಡಳು. ಚೌಕ ಕಡಲೆಕಾಳಿನಷ್ಟಿತ್ತು. ಅವಳ ಕಣ್ಣಿಗೆ ಅದು ಅಂಗಳದಷ್ಟು ಕಂಡಿತು. ಪೆನ್ನಿನ ತುದಿ ಕಾಗದದ ಹತ್ತಿರ ಹೋಯಿತು, ಇನ್ನೂ ಹತ್ತಿರ ಹೋಯಿತು.

"ತಾಳಿ ತಾಳಿ" ಅಂದರು ಮೇಡಂ. "ಐದನೆಯದು ಮರೆತೇಬಿಟ್ಟೆ. ಎಲ್ಲಕ್ಕಿಂತ ಚೆನ್ನಾಗಿರೋದೇ ಅದು. ಯಾರಾದ್ರೂ ಒಬ್ಬರು ಪ್ರಶ್ನೆ ಕೇಳಿ ನೋಡೋಣ. ಸಂಕೋಚ ಇಲ್ಲದೆ, ಹಿಂದಿನ ಸಾಲಿಗೂ ಕೇಳಿಸೋ ಹಾಗೆ. ಕೇಳಿದ್ರೆ ಐದೂ ಸರಿ."

ಹನ್ನೊಂದು ಹೆಂಗಸರೂ ತಲೆ ತಗ್ಗಿಸಿ ಹೆಬ್ಬೆರಳು ನೋಡಿಕೊಂಡರು. ದರ್ಜಿಯಮ್ಮ ಕೂಡ ಟೇಪು ಸುತ್ತುವ ನೆಪದಲ್ಲಿ ಬಗ್ಗಿದಳು.

ಆಗ ಅತ್ತೆಯ ಹಿಂದಿನಿಂದ ಒಂದು ಸಣ್ಣ ಕೈ ಮೇಲೆ ಬಂತು. ಮೊದಲು ಭುಜದವರೆಗೆ, ಆಮೇಲೆ ಕಿವಿಯವರೆಗೆ, ಆಮೇಲೆ ನೇರವಾಗಿ, ಕಂಬದ ಹಾಗೆ.

ಸೈಕಲಮ್ಮನ ಪೆನ್ನು ಗಾಳಿಯಲ್ಲೇ ನಿಂತಿತು. ಒಂದು ವರ್ಷದಿಂದ ಅವಳು ಕನಸಿನಲ್ಲೂ ಕಾಣುತ್ತಿದ್ದ ಕೈ ಅದು. ಬೆಳಗಿನಿಂದ ತಾನು ಆಮೇಲೆ, ಆಮೇಲೆ ಎಂದು ತಳ್ಳಿದ ಪ್ರಶ್ನೆ ಏನೆಂದು ಅವಳಿಗೆ ಆ ಗಳಿಗೆಯಲ್ಲಿ, ಬೆನ್ನಿನ ಮೇಲೆ ತಣ್ಣೀರು ಸುರಿದ ಹಾಗೆ, ತಿಳಿದುಹೋಯಿತು. ಕಣ್ಣಿನಲ್ಲೇ 'ಬೇಡ' ಅನ್ನಬಹುದಿತ್ತು. ಮಗು ಆ ಸನ್ನೆಯನ್ನು ಕಾಯುತ್ತಲೂ ಇತ್ತು. ಅದರ ತುಟಿ ಆಗಲೇ ಬಿಗಿಯಲು ಹೊರಟಿತ್ತು.

ಅಮ್ಮ ಚೌಕವನ್ನೊಮ್ಮೆ ನೋಡಿದಳು, ಮಗಳ ಕೈಯನ್ನೊಮ್ಮೆ ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

"ಕೇಳು ಕಂದಾ" ಅಂದಳು. "ಗಟ್ಟಿಯಾಗಿ ಕೇಳು."

ಮಗಳು ಎದೆ ತುಂಬ ಉಸಿರೆಳೆದುಕೊಂಡಳು. ಆ ದನಿ ಕುರ್ಚಿಯನ್ನು ದಾಟಿತು, ಹಿಂದಿನ ಸಾಲನ್ನು ದಾಟಿತು, ಗೇಟಿನಾಚೆಗೆ ಕಾಲಿಟ್ಟಿದ್ದ ಹಗ್ಗದಾಟದ ಮೇಷ್ಟ್ರನ್ನೂ ಹಿಡಿದು ನಿಲ್ಲಿಸಿತು.

"ಅಮ್ಮಾ, ನಿಂಗೆ ಸೈಕಲ್ ಹೊಡೆಯೋಕೆ ಬರತ್ತಾ?"